ಮೌನ ಸಮ್ಮತಿಯಲ್ಲ!

'ಮೌನಂ ಸಮ್ಮತಿ ಲಕ್ಷಣಂ' ಎನ್ನುವ ಮಾತುಂಟು. ಸಭೆ, ಸಮಿತಿಗಳಿಗೆ ಅದು ಸರಿ. ಕಂಟ್ರೋಲ್ ರೂಮಿಗೆ ಮಾತ್ರ ಸಲ್ಲದು.

2003ರ ಆಗಸ್ಟ್ 14. ಅಮೆರಿಕದ ಒಹಾಯೊ ರಾಜ್ಯದ ವಿದ್ಯುತ್ ಕಂಪನಿಯೊಂದರ ಕಂಟ್ರೋಲ್ ರೂಮಿನಲ್ಲಿ ಮಧ್ಯಾಹ್ನ 2.14ರ ನಂತರ ಒಂದೂ ಎಚ್ಚರಿಕೆ ಬರಲಿಲ್ಲ. ಸಾಫ್ಟ್‌ವೇರಿನ ದೋಷದಿಂದ ಅಲಾರಂ ವ್ಯವಸ್ಥೆಯೇ ಸ್ತಬ್ಧವಾಗಿತ್ತು. ಹೊರಗೆ ಹೈಟೆನ್ಷನ್ ತಂತಿಗಳು ಮರಗಳಿಗೆ ತಾಗಿ ಒಂದೊಂದಾಗಿ ಕೈಕೊಡುತ್ತಿದ್ದವು. ಒಳಗಿದ್ದವರು ಬಹಳ ಹೊತ್ತು ಎಲ್ಲ ಕ್ಷೇಮವೆಂದೇ ತಿಳಿದಿದ್ದರು. 4 ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಅಮೆರಿಕ, ಕೆನಡಾಗಳ ಸುಮಾರು 5 ಕೋಟಿ ಜನರಿಗೆ ಕರೆಂಟು ಹೋಯಿತು.

ದೂರದ ಮೀಟರಿನೊಂದಿಗೆ ಸಂಪರ್ಕ ತಪ್ಪಿದಾಗಲೂ ಇದೇ ಅಪಾಯ. ಪರದೆಯ ಮೇಲೆ 'ಟ್ಯಾಂಕಿನ ನೀರು 3 ಮೀಟರ್' ಎಂದಿದೆ ಅನ್ನಿ. ಅದು ಈಗಿನ ಮಟ್ಟವೋ, ತಂತಿ ತುಂಡಾಗುವ ಮುಂಚಿನದೋ?

ಒಳ್ಳೆಯ ಸಾಫ್ಟ್‌ವೇರ್ ಪ್ರತಿ ಅಂಕಿಯ ಜೊತೆ ಅದು ಬಂದ ಹೊತ್ತನ್ನೂ ಬರೆದಿಡುತ್ತದೆ. ಉತ್ತರ ಬಾರದಿದ್ದರೆ ಎರಡು ಮೂರು ಸಲ ಮತ್ತೆ ಕೇಳುತ್ತದೆ. ಆಗಲೂ ಬಾರದಿದ್ದರೆ ಅಂಕಿಯ ಬಣ್ಣ ಬದಲಿಸಿ, 'ಇದನ್ನು ನಂಬಬೇಡಿ' ಎನ್ನುತ್ತದೆ. ಮುಂದೇನು? ಟ್ಯಾಂಕು ತುಂಬಿಸುವ ಪಂಪಾದರೆ ನಿಲ್ಲಬೇಕು. ಯಂತ್ರವನ್ನು ತಂಪಾಗಿಡುವ ಪಂಪಾದರೆ ಓಡುತ್ತಲೇ ಇರಬೇಕು. ಯಾವುದು ಕ್ಷೇಮವೆಂದು ಕಂಪ್ಯೂಟರಿಗೆ ಗೊತ್ತಾಗದು. ಅದನ್ನು ಮನುಷ್ಯರೇ ಮೊದಲೇ ನಿರ್ಧರಿಸಿಡಬೇಕು.

ಇನ್ನು, ಕಾಯುವ ಅಲಾರಮನ್ನೇ ಕಾಯುವವರಾರು? ರಾತ್ರಿ ಗಸ್ತಿನವನು ಸೀಟಿ ಊದುವುದು ಕಳ್ಳ ಬಂದನೆಂದಲ್ಲ, ತಾನು ಎಚ್ಚರವಾಗಿದ್ದೇನೆಂದು. ಅಲಾರಂ ವ್ಯವಸ್ಥೆಯೂ ಹೀಗೆ ಆಗಾಗ ಸೀಟಿ ಊದುತ್ತಿರಬೇಕು. ಸೀಟಿ ನಿಂತರೆ, ಎದ್ದು ಹೋಗಿ ನೋಡಬೇಕು.