ಹುಬ್ಬಳ್ಳಿ ಟೈಗರ್ಸ್ ತಂಡದ ಆಟಗಾರರ ಬದಲಾವಣೆ (2022–2025)

ಹುಬ್ಬಳ್ಳಿ ಟೈಗರ್ಸ್ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು ನಡೆಸುವ ಮಹಾರಾಜ ಟ್ರೋಫಿ ಟಿ20 ಪಂದ್ಯಾವಳಿಯಲ್ಲಿ ಹುಬ್ಬಳ್ಳಿ ನಗರದ ಹೆಸರಿನಲ್ಲಿ ಆಡುವ ವೃತ್ತಿಪರ ತಂಡ. 2023ರಲ್ಲಿ ಪ್ರಶಸ್ತಿ ಗೆದ್ದ ಈ ತಂಡವು ಎರಡು ವರ್ಷಗಳ ಬಳಿಕ ತನ್ನ ನಾಯಕನನ್ನು ಬಿಟ್ಟುಕೊಟ್ಟು, 2025ರ ಹರಾಜಿನಲ್ಲಿ ಇಬ್ಬರು ಬ್ಯಾಟರ್‌ಗಳಿಗೆ ಒಟ್ಟು 25.40 ಲಕ್ಷ ರೂಪಾಯಿ ವ್ಯಯಿಸಿತು. ಆ ವರ್ಷ ತಂಡ ಫೈನಲ್ ತಲುಪಿ ಸೋತಿತು.

ಹಿನ್ನೆಲೆ

ಹಳೆಯ ಕರ್ನಾಟಕ ಪ್ರೀಮಿಯರ್ ಲೀಗ್‌ನ ಕೊನೆಯ ಆವೃತ್ತಿಯನ್ನು 2019ರಲ್ಲಿ ಗೆದ್ದ ತಂಡವೂ ಹುಬ್ಬಳ್ಳಿ ಟೈಗರ್ಸ್ ಆಗಿತ್ತು. ಬಳ್ಳಾರಿ ಟಸ್ಕರ್ಸ್ ವಿರುದ್ಧದ ಆ ಫೈನಲ್‌ನಲ್ಲಿ ನಿಧಾನವಾಗಿ ಬ್ಯಾಟ್ ಮಾಡಿದರೆಂಬ ಆರೋಪದ ಮೇಲೆ ಎದುರಾಳಿ ತಂಡದ ಇಬ್ಬರು ಆಟಗಾರರನ್ನು ಬೆಂಗಳೂರಿನ ಪೊಲೀಸರು ಬಂಧಿಸಿದ್ದರಿಂದ ಗೆಲುವಿನ ಸಂಭ್ರಮ ಬಹುಕಾಲ ಉಳಿಯಲಿಲ್ಲ. ಮ್ಯಾಚ್ ಫಿಕ್ಸಿಂಗ್ ಅನ್ನು ವಂಚನೆಯ ಅಪರಾಧವೆಂದು ಪರಿಗಣಿಸಲಾಗದು ಎಂದು ಹೇಳಿ ಕರ್ನಾಟಕ ಹೈಕೋರ್ಟ್ 2022ರ ಜನವರಿಯಲ್ಲಿ ಮೊಕದ್ದಮೆಯನ್ನು ರದ್ದುಪಡಿಸಿತು. ಅದೇ ವರ್ಷ, ಸಂಸ್ಥೆಯ ಮಾಜಿ ಅಧ್ಯಕ್ಷ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಸ್ಮರಣೆಯಲ್ಲಿ ಪಂದ್ಯಾವಳಿ ಹೊಸ ಹೆಸರಿನೊಂದಿಗೆ ಮರಳಿತು. ಮೊದಲ ಆವೃತ್ತಿಯಲ್ಲಿ ಹರಾಜು ಇರಲಿಲ್ಲ. ಡ್ರಾಫ್ಟ್ ಪದ್ಧತಿಯಲ್ಲಿ ಆಟಗಾರರನ್ನು ಹಂಚಲಾಯಿತು. ಹುಬ್ಬಳ್ಳಿಗೆ ಅಭಿಮನ್ಯು ಮಿಥುನ್ ನಾಯಕರಾದರು. ಮನೀಶ್ ಪಾಂಡೆ ನಾಯಕತ್ವದ ಗುಲ್ಬರ್ಗ ಮಿಸ್ಟಿಕ್ಸ್ ಪ್ರಶಸ್ತಿ ಗೆದ್ದಿತು.

ಆಯ್ಕೆಯ ವಿಧಾನ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್‌ನಂಥ ವ್ಯವಸ್ಥೆಯಲ್ಲಿ ಆಟಗಾರನೊಡನೆ ಹಲವು ವರ್ಷಗಳ ಒಪ್ಪಂದವಿರುತ್ತದೆ. ಆದ್ದರಿಂದ ಬಿಡುವಿನ ಕಾಲದ ಒಂದು ತಪ್ಪು ನಿರ್ಧಾರದ ಭಾರವನ್ನು ತಂಡ ಹಲವು ಋತುಗಳವರೆಗೆ ಹೊರಬೇಕಾಗುತ್ತದೆ. ಮಹಾರಾಜ ಟ್ರೋಫಿಯಲ್ಲಿ ಆ ಅಪಾಯ ಕಡಿಮೆ. ಪಂದ್ಯಾವಳಿ ಮೂರು ವಾರದೊಳಗೆ ಮುಗಿಯುತ್ತದೆ. 2025ರ ಹರಾಜಿಗೆ ಮೊದಲು ಪ್ರತಿ ತಂಡಕ್ಕೂ ನಾಲ್ವರು ಆಟಗಾರರನ್ನು ಉಳಿಸಿಕೊಳ್ಳುವ ಅವಕಾಶವಿತ್ತು. ಉಳಿದವರೆಲ್ಲ ಮತ್ತೆ ಹರಾಜಿಗೆ ಬಂದರು. ಹೀಗಾಗಿ ಇಲ್ಲಿ ಯಾವ ತಂಡದ ಮೇಲೂ ಹಳೆಯ ತಪ್ಪಿನ ಹೊರೆ ಬೀಳುವುದಿಲ್ಲ, ಆದರೆ ಯಾವ ತಂಡಕ್ಕೂ ದೀರ್ಘಕಾಲದ ಸ್ವರೂಪವೂ ದಕ್ಕುವುದಿಲ್ಲ.

2023: ನಾಯಕನ ಖರೀದಿ

2023ರ ಹರಾಜಿನಲ್ಲಿ ಅತ್ಯಧಿಕ ಬೆಲೆ ಪಡೆದವರು ಶಿವಮೊಗ್ಗ ಲಯನ್ಸ್ ಸೇರಿದ ಅಭಿನವ್ ಮನೋಹರ್. ಅವರ ಬೆಲೆ 15 ಲಕ್ಷ ರೂಪಾಯಿ. ಹುಬ್ಬಳ್ಳಿ ಆ ಪೈಪೋಟಿಯ ತುದಿಗೆ ಹೋಗದೆ, ಹಿಂದಿನ ವರ್ಷದ ವಿಜೇತ ನಾಯಕ ಮನೀಶ್ ಪಾಂಡೆ ಅವರನ್ನು 10.60 ಲಕ್ಷಕ್ಕೆ ಪಡೆಯಿತು. ಈ ಹಣ ವ್ಯರ್ಥವಾಗಲಿಲ್ಲ. ಮೈಸೂರು ವಾರಿಯರ್ಸ್ ವಿರುದ್ಧದ ಫೈನಲ್‌ನಲ್ಲಿ ಹುಬ್ಬಳ್ಳಿ 8 ವಿಕೆಟ್‌ಗೆ 203 ರನ್ ಗಳಿಸಿ 8 ರನ್‌ಗಳಿಂದ ಗೆದ್ದಿತು. ಆರಂಭಿಕ ಬ್ಯಾಟರ್ ಮೊಹಮ್ಮದ್ ತಾಹಾ 72 ರನ್ ಹೊಡೆದರೆ, ಪಾಂಡೆ ಅಜೇಯ 50 ರನ್ ಸೇರಿಸಿದರು. ಆ ತಂಡದ ವೇಗದ ಬೌಲರ್ ಮನ್ವಂತ್ ಕುಮಾರ್ ಅವರನ್ನು ಮುಂದೆ 2025ರ ಐಪಿಎಲ್‌ಗಾಗಿ ಡೆಲ್ಲಿ ಕ್ಯಾಪಿಟಲ್ಸ್ 30 ಲಕ್ಷಕ್ಕೆ ಖರೀದಿಸಿತು. ಅನುಭವಿ ನಾಯಕನ ಸುತ್ತ ಕಡಿಮೆ ಬೆಲೆಯ ಯುವಕರನ್ನು ಕಟ್ಟಿದ್ದೇ ಆ ವರ್ಷದ ಗೆಲುವಿನ ಆಧಾರವೆನ್ನಬಹುದು.

2024ರಲ್ಲಿ ತಂಡ ಸೆಮಿಫೈನಲ್‌ನಲ್ಲಿ ನಿರ್ಗಮಿಸಿತು.

2025ರ ಹರಾಜು

2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಹರಾಜಿನಲ್ಲಿ ಹುಬ್ಬಳ್ಳಿ ಹಾದಿ ಬದಲಿಸಿತು. ಪಾಂಡೆ ಅವರನ್ನು ಬಿಟ್ಟಿತು. ಮೈಸೂರು ವಾರಿಯರ್ಸ್ ಅವರನ್ನು 12.20 ಲಕ್ಷಕ್ಕೆ ಸೆಳೆಯಿತು. ಹುಬ್ಬಳ್ಳಿ ದೇವದತ್ತ ಪಡಿಕ್ಕಲ್ ಅವರಿಗೆ 13.20 ಲಕ್ಷ ನೀಡಿತು. ಇದು ಆ ಹರಾಜಿನ ಅತ್ಯಧಿಕ ಮೊತ್ತ. ಅಭಿನವ್ ಮನೋಹರ್ ಅವರಿಗೆ 12.20 ಲಕ್ಷ ಸಂದಿತು.

ಇಬ್ಬರ ಆಯ್ಕೆಗೂ ಸಕಾರಣಗಳಿದ್ದವು. ಪಡಿಕ್ಕಲ್ ಭಾರತದ ಟೆಸ್ಟ್ ಆಟಗಾರ, ಎಡಗೈ ಬ್ಯಾಟರ್. ಆ ವರ್ಷದ ಐಪಿಎಲ್ ಗೆದ್ದ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದಲ್ಲಿದ್ದರೂ ಗಾಯದಿಂದಾಗಿ ಋತುವಿನ ನಡುವೆಯೇ ಹೊರಗುಳಿಯಬೇಕಾಯಿತು. ಮನೋಹರ್ 2024ರ ಮಹಾರಾಜ ಟ್ರೋಫಿಯಲ್ಲಿ 507 ರನ್ ಗಳಿಸಿ 52 ಸಿಕ್ಸರ್ ಬಾರಿಸಿದ್ದರು. ಆದರೆ ಅಷ್ಟು ರನ್ ಬಂದರೂ ಶಿವಮೊಗ್ಗ ಆ ವರ್ಷ ಸೆಮಿಫೈನಲ್ ತಲುಪಿರಲಿಲ್ಲ. ಒಬ್ಬ ಬ್ಯಾಟರ್ ಎಷ್ಟೇ ಸಿಡಿದರೂ ತಂಡ ಮುನ್ನಡೆಯುತ್ತದೆಂಬ ಖಾತರಿಯಿಲ್ಲ ಎಂಬ ಈ ಉದಾಹರಣೆ ಹುಬ್ಬಳ್ಳಿಯ ಆಯ್ಕೆದಾರರ ಕಣ್ಣೆದುರಿಗೇ ಇತ್ತು.

ಮೊತ್ತದ ತೂಕವನ್ನು ಅರಿಯಲು ಇನ್ನೊಂದು ಅಂಕಿ ನೆರವಾಗುತ್ತದೆ. 2024ರಲ್ಲಿ ಮೈಸೂರು ವಾರಿಯರ್ಸ್ ಸಮಿತ್ ದ್ರಾವಿಡ್ ಅವರನ್ನು ಪಡೆದದ್ದು 50,000 ರೂಪಾಯಿಗೆ. ಹುಬ್ಬಳ್ಳಿ ಇಬ್ಬರಿಗೆ ಕೊಟ್ಟ ಹಣದಲ್ಲಿ ಆ ದರದ ಐವತ್ತು ಆಟಗಾರರನ್ನು ಕೊಳ್ಳಬಹುದಿತ್ತು.

ಮೌಲ್ಯಮಾಪನ

ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಮೃತಪಟ್ಟ ಬಳಿಕ 2025ರ ಪಂದ್ಯಾವಳಿಯನ್ನು ಮೈಸೂರಿನಲ್ಲಿ ನಡೆಸಲಾಯಿತು. ಹುಬ್ಬಳ್ಳಿ ಫೈನಲ್‌ವರೆಗೆ ಬಂದದ್ದು ಹರಾಜಿನ ಲೆಕ್ಕಾಚಾರ ಪೂರ್ತಿ ತಪ್ಪಿರಲಿಲ್ಲವೆಂಬುದಕ್ಕೆ ಸಾಕ್ಷಿ. ಫೈನಲ್‌ನಲ್ಲಿ ತಂಡ 8 ವಿಕೆಟ್‌ಗೆ 154 ರನ್ ಗಳಿಸಿತು. ಮಂಗಳೂರು ಡ್ರ್ಯಾಗನ್ಸ್ 10.4 ಓವರ್‌ಗಳಲ್ಲಿ 2 ವಿಕೆಟ್‌ಗೆ 85 ರನ್ ಗಳಿಸಿದ್ದಾಗ ಮಳೆ ಸುರಿಯಿತು. ವಿಜೆಡಿ ಪದ್ಧತಿಯಂತೆ ಮಂಗಳೂರು 14 ರನ್‌ಗಳಿಂದ ಗೆದ್ದಿತೆಂದು ಘೋಷಿಸಲಾಯಿತು.

ಮಳೆಯನ್ನು ದೂರುವುದು ಸುಲಭ. ಆದರೆ ಎರಡು ವರ್ಷಗಳ ಹಿಂದಿನ ಫೈನಲ್‌ಗಿಂತ 49 ರನ್ ಕಡಿಮೆ ಬಂದದ್ದು ಮಳೆಯಿಂದಲ್ಲ, ಮತ್ತು ದುಬಾರಿ ಬೆಲೆಗೆ ಕೊಂಡದ್ದು ಬ್ಯಾಟಿಂಗ್ ಬಲವನ್ನೇ. ಆ ಹರಾಜಿನ ಮೂವರು ಅತಿ ದುಬಾರಿ ಆಟಗಾರರಲ್ಲಿ ಒಬ್ಬರೂ ಮಂಗಳೂರು ತಂಡದಲ್ಲಿರಲಿಲ್ಲ. ಒಂದು ಪಂದ್ಯದಿಂದ ಸಿದ್ಧಾಂತ ಕಟ್ಟಲಾಗದಾದರೂ, 2023ರ ಹೂಡಿಕೆಗೆ ಸಿಕ್ಕ ಪ್ರತಿಫಲ 2025ರದಕ್ಕಿಂತ ಹೆಚ್ಚು ಎಂಬುದರಲ್ಲಿ ಸಂದೇಹವಿಲ್ಲ.

ಸ್ಥಳೀಯ ಆಟಗಾರರು

ಪ್ರತಿ ತಂಡವೂ ತನ್ನ ಸುತ್ತಲಿನ ವಲಯದಿಂದ ಇಬ್ಬರು ಆಟಗಾರರನ್ನು ಆರಿಸಿಕೊಳ್ಳಬೇಕೆಂಬ ನಿಯಮವಿದೆ. ಹುಬ್ಬಳ್ಳಿ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯಕ್ಕೆ ಸೇರಿದೆ. ಗದಗಿನ ಸುನೀಲ ಜೋಶಿ ದಿನವೂ ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ಪ್ರಯಾಣಿಸಿ ಭಾರತ ತಂಡದವರೆಗೆ ಬೆಳೆದ ಪ್ರದೇಶವಿದು. ಬೆಂಗೇರಿ ಅಥವಾ ಕೇಶ್ವಾಪುರದಲ್ಲಿ ಚೆಂಡೆಸೆಯುವ ಯುವಕನಿಗೆ ಹರಾಜಿನ ಅತ್ಯಧಿಕ ಮೊತ್ತಕ್ಕಿಂತ ಈ ಎರಡು ಸ್ಥಾನಗಳೇ ಮುಖ್ಯ. ಇಂಥ ಲೀಗ್ ಒಬ್ಬನ ಬದುಕನ್ನು ಹೇಗೆ ಬದಲಿಸಬಲ್ಲದೆಂಬುದಕ್ಕೆ ಕೆ. ಸಿ. ಕಾರಿಯಪ್ಪ ನಿದರ್ಶನ. ಕೊಡಗು ಮೂಲದ ಈ ಸ್ಪಿನ್ನರ್ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬಿಜಾಪುರ ಬುಲ್ಸ್ ಪರ ಆಡಿ ಗಮನ ಸೆಳೆದು, ಒಂದೂ ಪ್ರಥಮ ದರ್ಜೆ ಪಂದ್ಯ ಆಡದೆಯೇ 2015ರಲ್ಲಿ ಕೋಲ್ಕತ್ತ ನೈಟ್ ರೈಡರ್ಸ್‌ಗೆ 2.40 ಕೋಟಿ ರೂಪಾಯಿಗೆ ಮಾರಾಟವಾದರು. ಮುಂದೆ ಹುಬ್ಬಳ್ಳಿ ಟೈಗರ್ಸ್ ಪರವೂ ಆಡಿದರು.

ಹಳೆಯ ಲೀಗ್‌ನ ಕಾಲದಲ್ಲಿ ರಾಜನಗರದ ಕ್ರೀಡಾಂಗಣದಲ್ಲಿ ಪಂದ್ಯಗಳು ನಡೆಯುತ್ತಿದ್ದವು. 2022ರಿಂದ 2025ರವರೆಗಿನ ಆವೃತ್ತಿಗಳು ಬೆಂಗಳೂರು ಮತ್ತು ಮೈಸೂರಿಗೆ ಸೀಮಿತವಾದವು. ಆದ್ದರಿಂದ 13.20 ಲಕ್ಷದ ನಾಯಕನ ಆಟವನ್ನು ಹುಬ್ಬಳ್ಳಿಯ ಅಭಿಮಾನಿಗಳು ನೋಡಿದ್ದು ಪರದೆಯ ಮೇಲೆಯೇ.