ಹಿಮದ ಅಡಿಯ ಕೆರೆಗಳು

ಫ್ರಾನ್ಸ್ ದೇಶದ ಆಲ್ಪ್ಸ್ ಪರ್ವತಶ್ರೇಣಿಯಲ್ಲಿ, ಮೌಂಟ್ ಬ್ಲಾಂಕ್ ಶಿಖರದ ಮಗ್ಗುಲಲ್ಲಿ, ಸೇಂಟ್ ಜರ್ವೆ ಎಂಬ ಊರಿದೆ. ಅಲ್ಲಿಯ ಬಿಸಿನೀರಿನ ಬುಗ್ಗೆಗಳಲ್ಲಿ ಮಿಂದು ಆರೋಗ್ಯವನ್ನು ಪಡೆಯಲೆಂದು ಪರಸ್ಥಳಗಳಿಂದ ಜನರು ಬಂದು ತಂಗುತ್ತಿದ್ದರು. 1892ನೆಯ ಇಸವಿ ಜುಲೈ 12ರಂದು, ಇನ್ನೂ ಬೆಳಕು ಹರಿಯುವುದಕ್ಕೆ ಮುನ್ನ, ನೀರು, ಮಂಜುಗಡ್ಡೆ, ಕೆಸರು, ಬಂಡೆಗಳೆಲ್ಲ ಒಂದಾಗಿ ಬೆಟ್ಟದ ಮೇಲಿನಿಂದ ಕಣಿವೆಗೆ ನುಗ್ಗಿದವು. ನಿದ್ರೆಯಲ್ಲಿದ್ದವರಿಗೆ ಎದ್ದು ಓಡುವ ಅವಕಾಶವೂ ದೊರೆಯಲಿಲ್ಲ. ಸ್ನಾನಗೃಹಗಳು ನಾಶವಾದವು, 175 ಜನರು ಪ್ರಾಣವನ್ನು ಕಳೆದುಕೊಂಡರು.

ಕಾರಣವನ್ನರಸಿ ಬೆಟ್ಟವನ್ನೇರಿದ ವಿಜ್ಞಾನಿಗಳಿಗೆ, ಟೆಟ್ ರೂಸ್ ಎಂಬ ಚಿಕ್ಕ ಹಿಮನದಿಯ ಒಡಲಲ್ಲಿ ದೊಡ್ಡದೊಂದು ಪೊಟರೆ ಬಾಯ್ದೆರೆದಿರುವುದು ಕಂಡಿತು. ಹೊರಗೆ ಗಟ್ಟಿಯಾದ ಬಿಳಿಯ ಹಿಮ. ಒಳಗೆ ಯಾರ ಕಣ್ಣಿಗೂ ಬೀಳದಂತೆ ತುಂಬಿ ನಿಂತಿದ್ದ ಕೆರೆ. ಆ ಕೆರೆಯೇ ಅಂದು ಒಡೆದುಹೋಗಿತ್ತು.

ಹಿಮದ ಅಡಿಯಲ್ಲಿ ನೀರು ನೀರಾಗಿಯೇ ನಿಲ್ಲುವುದೆಂತು? ಕಾಣದ ಆ ನೀರನ್ನು ಮುಂಚಿತವಾಗಿ ಅರಿಯುವ ಉಪಾಯವುಂಟೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಮೊದಲು ಹಿಮದ ನಡೆಯನ್ನು ತಿಳಿಯಬೇಕು.

ಮಂಜುಗಡ್ಡೆ ನೋಡುವುದಕ್ಕೆ ಕಲ್ಲಿನಂತಿದ್ದರೂ, ರಾಶಿಯಾಗಿ ಬಿದ್ದಾಗ ಅದರ ಗುಣವೇ ಬೇರೆ. ತನ್ನ ಭಾರಕ್ಕೆ ತಾನೇ ಮಣಿದು, ಪಾತ್ರೆಯಿಂದ ಬಾಗಿಸಿದ ಗಟ್ಟಿಯಾದ ಬೆಲ್ಲದ ಪಾಕದಂತೆ, ಅದು ನಿಧಾನವಾಗಿ ಹರಿಯುತ್ತದೆ. 1842ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಫೋರ್ಬ್ಸ್ ಎಂಬಾತನು ಆಲ್ಪ್ಸ್ ಪರ್ವತದ ಹಿಮನದಿಯೊಂದನ್ನು ಅಳೆದು, ಅದರ ನಡುಭಾಗವು ಅಂಚುಗಳಿಗಿಂತ ವೇಗವಾಗಿ ಸಾಗುತ್ತದೆಂದು ತೋರಿಸಿಕೊಟ್ಟನು. ಹೊಳೆಯ ನೀರಿನ ರೀತಿಯೂ ಇದೇ ಅಲ್ಲವೇ? ಸುಮಾರು ನೂರು ವರ್ಷಗಳ ಬಳಿಕ, 1950ರ ದಶಕದಲ್ಲಿ, ಕೇಂಬ್ರಿಡ್ಜಿನ ಜಾನ್ ಗ್ಲೆನ್ ಪ್ರಯೋಗಶಾಲೆಯಲ್ಲಿ ಮಂಜುಗಡ್ಡೆಯ ತುಂಡುಗಳ ಮೇಲೆ ಭಾರವನ್ನು ಹೇರಿ ಈ ಹರಿವಿಗೆ ಒಂದು ಸೂತ್ರವನ್ನು ಕಂಡುಹಿಡಿದನು. ಅದರಂತೆ ಒತ್ತಡ ಇಮ್ಮಡಿಯಾದರೆ ಹರಿವು ಇಮ್ಮಡಿಯಲ್ಲ, ಸುಮಾರು ಎಂಟು ಮಡಿಯಾಗುತ್ತದೆ. ಹಿಮದ ಶೈತ್ಯ ಕಡಿಮೆಯಾದಷ್ಟೂ ಅದು ಇನ್ನಷ್ಟು ಮೆತ್ತಗಾಗಿ ಬೇಗ ಹರಿಯುತ್ತದೆ. ಇಂದು ಗಣಕಯಂತ್ರಗಳಲ್ಲಿ ರಚಿಸುವ ಹಿಮಪ್ರವಾಹದ ಗಣಿತದ ಮಾದರಿಗಳಿಗೆ ಈ ಸೂತ್ರವೇ ತಳಹದಿ.

ಇನ್ನು ನೀರಿನ ವಿಚಾರ. ಅಂಟಾರ್ಕ್ಟಿಕ ಖಂಡದ ನಡುವೆ ರಷ್ಯನ್ನರ ವೊಸ್ಟೊಕ್ ಎಂಬ ಠಾಣೆಯಿದೆ. 1983ನೆಯ ಜುಲೈ 21ರಂದು ಅಲ್ಲಿಯ ಉಷ್ಣತೆ ಸೊನ್ನೆಗಿಂತ 89.2 ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿದಿತ್ತು. ಅಂತಹ ಎಡೆಯಲ್ಲಿ ಹನಿ ನೀರಾದರೂ ಉಳಿದೀತೆಂದು ಯಾರು ತಾನೇ ನಂಬಿಯಾರು? ಆದರೆ ಅಲ್ಲಿಯ ಹಿಮದ ದಪ್ಪ ಸುಮಾರು ನಾಲ್ಕು ಕಿಲೋಮೀಟರು. ಭೂಮಿಯ ಒಡಲಿನಿಂದ ಅಲ್ಪಸ್ವಲ್ಪ ಶಾಖ ಸದಾ ಮೇಲಕ್ಕೆ ಬರುತ್ತಲೇ ಇರುತ್ತದೆ. ದಪ್ಪವಾದ ಹಿಮವು ಕಂಬಳಿಯಂತೆ ಹೊದ್ದುಕೊಂಡು ಆ ಶಾಖವನ್ನು ಬೇಗ ಹೊರಹೋಗಗೊಡದು. ಮೇಲಾಗಿ, ಅಷ್ಟು ಹಿಮದ ಭಾರದ ಕೆಳಗೆ ಮಂಜುಗಡ್ಡೆಯು ಸೊನ್ನೆ ಡಿಗ್ರಿಗೆ ಕಾಯುವುದಿಲ್ಲ. ಸೊನ್ನೆಗಿಂತ ಸುಮಾರು ಮೂರು ಡಿಗ್ರಿ ಕೆಳಗಿರುವಾಗಲೇ ಕರಗತೊಡಗುತ್ತದೆ. ಇಗೋರ್ ಜೊಟಿಕೊವ್ ಎಂಬ ರಷ್ಯದ ವಿಜ್ಞಾನಿ ಇವೆಲ್ಲವನ್ನೂ ಲೆಕ್ಕಹಾಕಿ, ಖಂಡದ ನಡುಭಾಗದಲ್ಲಿ ಹಿಮದ ತಳ ಕರಗುತ್ತಿರಬೇಕೆಂದು 1963ರಲ್ಲಿ ಪ್ರಕಟಿಸಿದನು. ಆಗ ಆ ನೀರನ್ನು ಕಂಡವರು ಒಬ್ಬರೂ ಇರಲಿಲ್ಲ.

ಸೋಜಿಗವೆಂದರೆ, ಕೆರೆಯ ಗುರುತು ಅಷ್ಟರಲ್ಲೇ ಕೈಸೇರತೊಡಗಿತ್ತು. ಆಂಡ್ರೇ ಕಪಿತ್ಸ ಎಂಬಾತನು 1959ರಲ್ಲಿಯೂ 1964ರಲ್ಲಿಯೂ ವೊಸ್ಟೊಕ್‌ನಲ್ಲಿ ಸಿಡಿಮದ್ದನ್ನು ಸಿಡಿಸಿ, ಅದರ ಕಂಪನ ಹಿಮದ ತಳವನ್ನು ಮುಟ್ಟಿ ಮರಳುವುದನ್ನು ದಾಖಲಿಸಿದ್ದನು. ಆ ದಾಖಲೆಯಲ್ಲಿ ಕೆರೆಯ ಪ್ರತಿಧ್ವನಿಯೂ ಅಡಗಿತ್ತು. ಅದನ್ನು ಹಾಗೆಂದು ಓದಿದವರಿರಲಿಲ್ಲ. 1990ರ ದಶಕದಲ್ಲಿ ಯೂರೋಪಿನ ಕೃತಕ ಉಪಗ್ರಹವೊಂದು ಹಿಮದ ಮೇಲ್ಮೈಯನ್ನು ಅಳೆದಾಗ, ಆ ಪ್ರದೇಶವು ವಿಶಾಲವಾಗಿ, ಸಪಾಟಾಗಿ ಕಂಡುಬಂದಿತು. ಬಂಡೆಯ ಮೇಲೆ ಉಜ್ಜಿಕೊಂಡು ಸಾಗುವ ಹಿಮದ ಬೆನ್ನು ಏರಿಳಿತಗಳಿಂದ ಕೂಡಿರುತ್ತದೆ. ನೀರಿನ ಮೇಲೆ ತೇಲುವ ಹಿಮಕ್ಕಾದರೋ ಘರ್ಷಣೆಯಿಲ್ಲ, ಅದು ಸಮನಾಗಿ ಹರಡಿಕೊಳ್ಳುತ್ತದೆ. ಹಳೆಯ ದಾಖಲೆಯನ್ನೂ ಹೊಸ ಅಳತೆಯನ್ನೂ ಕೂಡಿಸಿ ನೋಡಿದ ಕಪಿತ್ಸ, ಜೊಟಿಕೊವ್ ಮತ್ತು ಅವರ ಬ್ರಿಟಿಷ್ ಸಂಗಡಿಗರು 1996ರಲ್ಲಿ ವೊಸ್ಟೊಕ್ ಸರೋವರದ ವಿಸ್ತಾರವನ್ನೂ ಆಳವನ್ನೂ ಜಗತ್ತಿಗೆ ತಿಳಿಸಿದರು. ಅದರ ಉದ್ದ ಸುಮಾರು 250 ಕಿಲೋಮೀಟರು, ಅಗಲ ಸುಮಾರು 50 ಕಿಲೋಮೀಟರು. 2012ರ ಫೆಬ್ರವರಿ 5ರಂದು ರಷ್ಯನ್ನರ ಬೈರಿಗೆಯು 3,769 ಮೀಟರು ಹಿಮವನ್ನು ಕೊರೆದು ನೀರನ್ನು ಮುಟ್ಟಿತು. ಜೊಟಿಕೊವ್‌ನ ಲೆಕ್ಕ ಪ್ರಕಟವಾಗಿ ಆಗಲೇ 49 ವರ್ಷಗಳು ಕಳೆದಿದ್ದವು.

ಇಂತಹ ಕೆರೆಗಳು ಅಂಟಾರ್ಕ್ಟಿಕದಲ್ಲಿಯೇ ಈಗ 600ಕ್ಕೂ ಹೆಚ್ಚು ಗೊತ್ತಾಗಿವೆ. ಅವುಗಳಲ್ಲಿ ಹಲವು ನಿಂತ ನೀರಲ್ಲ. ಹಿಮದ ಅಡಿಯ ನೀರಿಗೆ ತಗ್ಗು ದಿಣ್ಣೆಗಳ ಪರಿವೆ ಅಷ್ಟಾಗಿ ಇಲ್ಲ. ಮೇಲಿನ ಭಾರ ಎತ್ತ ಕಡಿಮೆಯೋ ಅತ್ತ ಅದು ಸರಿಯುತ್ತದೆ. ಅದನ್ನು ನಡೆಸುವುದರಲ್ಲಿ ಹಿಮದ ಮೇಲ್ಮೈಯ ಇಳಿಜಾರು ತಳದ ಇಳಿಜಾರಿಗಿಂತ ಸುಮಾರು ಹತ್ತು ಪಟ್ಟು ಪ್ರಬಲ. ಆದುದರಿಂದ ಅಲ್ಲಿ ನೀರು ಗುಡ್ಡವನ್ನು ಹತ್ತುವುದೂ ಉಂಟು! 2006ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಅಂತಹ ಕೆರೆಯೊಂದರಿಂದ 16 ತಿಂಗಳುಗಳಲ್ಲಿ 1.8 ಘನ ಕಿಲೋಮೀಟರು ನೀರು ಹೊರಟು, 290 ಕಿಲೋಮೀಟರು ದೂರದವರೆಗಿನ ಬೇರೆ ಕೆರೆಗಳನ್ನು ಸೇರಿತ್ತು. ಮೇಲಿನ ಹಿಮವು ಒಂದೆಡೆ ಕುಸಿದು ಇನ್ನೊಂದೆಡೆ ಉಬ್ಬಿದುದೇ ಅದಕ್ಕೆ ಸಾಕ್ಷಿ.

ನಿರ್ಜನವಾದ ಖಂಡದಲ್ಲಿ ಕೆರೆ ತುಂಬಿದರೇನು, ಬರಿದಾದರೇನು ಎಂದು ಯಾರಾದರೂ ಕೇಳಬಹುದು. ಜನವಸತಿಯಿರುವ ಐಸ್ಲೆಂಡಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ. 1996ರ ಶರತ್ಕಾಲದಲ್ಲಿ ಅಲ್ಲಿಯ ವಟ್ನಯೋಕುಲ್ ಎಂಬ ಹಿಮರಾಶಿಯ ಅಡಿಯಲ್ಲಿ ಜ್ವಾಲಾಮುಖಿಯೊಂದು ಎದ್ದಿತು. ಕರಗಿದ ನೀರು ಗ್ರಿಮ್ಸ್‌ವೋಟ್ನ್ ಎಂಬ ಹಿಮದಡಿಯ ಕೆರೆಯಲ್ಲಿ ಶೇಖರವಾಗತೊಡಗಿತು. ಕೆರೆ ಒಡೆಯುವುದು ಖಂಡಿತವೆಂದು ವಿಜ್ಞಾನಿಗಳು ಒಂದು ತಿಂಗಳ ಕಾಲ ಕಾದಿದ್ದರು. ನವೆಂಬರ್ 5ರಂದು ಪ್ರವಾಹ ಬಂದೇ ಬಂದಿತು. ಸೆಕೆಂಡಿಗೆ 40,000 ಘನ ಮೀಟರಿಗೂ ಮಿಕ್ಕ ನೀರು ಹರಿದು ಹೆದ್ದಾರಿಯ ಸೇತುವೆಗಳು ಕೊಚ್ಚಿಹೋದವು. ಆದರೆ ಒಂದು ಜೀವವೂ ಹೋಗಲಿಲ್ಲ.

ಟೆಟ್ ರೂಸ್ ಹಿಮನದಿಯ ಕಥೆಯೂ 1892ಕ್ಕೆ ಮುಗಿಯಲಿಲ್ಲ. ನೀರು ಮತ್ತೆ ಸೇರದಿರಲೆಂದು ಹಿಂದಿನವರು ಅಲ್ಲಿ ಸುರಂಗವನ್ನು ಕೊರೆದಿದ್ದರು. ಶತಮಾನ ಕಳೆದ ಮೇಲೆ, ಆ ಸುರಂಗವನ್ನು ಇನ್ನೂ ಕಾಪಾಡಿಕೊಂಡು ಬರಬೇಕೇ ಎಂಬ ಪ್ರಶ್ನೆ ಎದ್ದಿತು. ಪರೀಕ್ಷಿಸಲೆಂದು ಹೋದವರಿಗೆ, ಸುರಂಗಕ್ಕೆ ಎಟುಕದಂತೆ, ಸುಮಾರು 55,000 ಘನ ಮೀಟರು ನೀರು ಪುನಃ ಹಿಮದೊಳಗೆ ತುಂಬಿರುವುದು ತಿಳಿಯಿತು. ಹಿಮನದಿಯ ಕೆಳತುದಿ ಅತಿ ಶೀತಲವಾಗಿ ಬಂಡೆಗೆ ಹೆಪ್ಪುಗಟ್ಟಿ, ಏರಿಯಂತೆ ನೀರನ್ನು ತಡೆದಿತ್ತು. ಕೆಳಗಿನ ಕಣಿವೆಯಲ್ಲಿ ಸಾವಿರಾರು ಜನರ ವಾಸ. 2010ರಲ್ಲಿ ಹಿಮವನ್ನು ಕೊರೆದು ಆ ನೀರನ್ನು ಪಂಪುಗಳಿಂದ ಹೊರತೆಗೆದರು. ಸೇಂಟ್ ಜರ್ವೆಯ ಜನರು ಆ ವರ್ಷ ನಿಶ್ಚಿಂತೆಯಿಂದ ನಿದ್ರಿಸಿದರು.

ಅಂಟಾರ್ಕ್ಟಿಕದ ಲೆಕ್ಕವಾದರೋ ಒಂದು ಕಣಿವೆಗೆ ಸೇರಿದುದಲ್ಲ. ಅಲ್ಲಿಯ ಹಿಮವೆಲ್ಲ ಕರಗಿದರೆ ಸಮುದ್ರ ಸುಮಾರು 58 ಮೀಟರು ಏರುವುದು. ಅದು ಒಂದೆರಡು ತಲೆಮಾರುಗಳಲ್ಲಿ ಆಗುವ ಮಾತಲ್ಲ, ನಿಜ. ಆದರೆ ಅದರ ಅಲ್ಪಾಂಶವೇ ಎಷ್ಟೋ ತೀರದ ಊರುಗಳಿಗೆ ಸಾಕು. ಹಿಮವು ಕಡಲಿಗೆ ಎಷ್ಟು ವೇಗದಿಂದ ಜಾರುವುದೆಂಬುದು ಅದರ ತಳ ಒಣಗಿದೆಯೋ ತೇವವಾಗಿದೆಯೋ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ಮಾದರಿಗಳನ್ನು ರಚಿಸುವವರು ಕಿಲೋಮೀಟರುಗಟ್ಟಲೆ ಹಿಮದ ಕೆಳಗಿನ ನೀರನ್ನು ಹುಡುಕುತ್ತ ಕುಳಿತಿರುವುದು ಬರಿಯ ಕುತೂಹಲದಿಂದಲ್ಲ. ಅವರ ಲೆಕ್ಕವನ್ನು ನೆಚ್ಚಿ ಎಲ್ಲಿ ಒಡ್ಡು ಕಟ್ಟಬೇಕು, ಎಲ್ಲಿ ಮನೆ ಕಟ್ಟಬಾರದು ಎಂಬುದನ್ನು ಕಡಲತೀರದ ಜನರು ನಿರ್ಧರಿಸಬೇಕಾಗಿದೆ.