ಬಾಗಿದ್ದು ಬಾಗಿಲಲ್ಲ

ಕಳೆದ ಬೇಸಿಗೆಯಲ್ಲಿ ಸಿರುಗುಪ್ಪದ ನಮ್ಮ ಅಕ್ಕನ ಮನೆಗೆ ನಾನು ಹೋದಾಗ, ಭಾವನವರು ಬಡಗಿಯೊಬ್ಬನನ್ನು ಕರೆಯಿಸಿ ಪಡಸಾಲೆಯ ಬಾಗಿಲನ್ನು ತೋರಿಸುತ್ತ ನಿಂತಿದ್ದರು. “ಚೌಕಟ್ಟು ನಡುವೆ ಬಾಗಿದೆ, ಮಳೆಗಾಲಕ್ಕೆ ಮುಂಚೆ ನೆಟ್ಟಗೆ ಮಾಡಿಬಿಡು” ಎಂಬುದು ಅವರ ಅಪ್ಪಣೆ. ಬಡಗಿ ಮೇಲಿನಿಂದ ದಾರವೊಂದನ್ನು ಇಳಿಬಿಟ್ಟು ನೋಡಿದ. ಚೌಕಟ್ಟು ಕೂದಲೆಳೆಯಷ್ಟೂ ಓರೆಯಾಗಿರಲಿಲ್ಲ. “ಸಾಹುಕಾರ್ರೇ, ಬಾಗಿಲು ನೆಟ್ಟಗೇ ಐತ್ರೀ” ಎಂದು ಹೇಳಿ, ಕೂಲಿಯನ್ನೂ ಕೇಳದೆ ಹೊರಟುಹೋದ. ಅಕ್ಕ ನಕ್ಕಳು. ಭಾವನವರು ನಗಲಿಲ್ಲ.

ಆ ರಾತ್ರಿ ಅಂಗಳದಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದ್ದಾಗ ಅವರು ನನ್ನೊಡನೆ ಮೆಲ್ಲಗೆ ಮಾತು ತೆಗೆದರು. ಅವರು ಊರಿನ ಅಕ್ಕಿ ಗಿರಣಿಯೊಂದರಲ್ಲಿ 30 ವರ್ಷಗಳಿಂದ ಲೆಕ್ಕ ಬರೆಯುವ ಗುಮಾಸ್ತರು. ಒಂದು ಕಾಸಿನ ತಪ್ಪು ಬಂದವರಲ್ಲ. “ನೋಡಪ್ಪಾ, ಹೋದ ತಿಂಗಳು 33 ಕ್ವಿಂಟಲ್ ಇದ್ದದ್ದನ್ನು 38 ಎಂದು ಓದಿ ಬರೆದುಬಿಟ್ಟೆ. ಮಾಲೀಕರು ಏನೂ ಅನ್ನಲಿಲ್ಲ. ಅನ್ನಲಿಲ್ಲವಲ್ಲ, ಅದೇ ನನಗೆ ನುಂಗಲಾರದ ತುತ್ತಾಗಿದೆ. ಕೆಲಸ ಬಿಡೋಣವೆಂದು ಅಂದುಕೊಂಡಿದ್ದೇನೆ. ನಿಮ್ಮ ಅಕ್ಕನಿಗೆ ಹೇಳಬೇಡ.”

ಕಣ್ಣು ಮಂಜಾಗುತ್ತಿರುವುದು ಅವರಿಗೆ ಎಂಟು ತಿಂಗಳಿಂದ ತಿಳಿದಿತ್ತು. ಕನ್ನಡಕದಂಗಡಿಗೆ ಹೋಗಿ ಒಂದೇ ವರ್ಷದಲ್ಲಿ ಎರಡು ಸಲ ಗಾಜು ಬದಲಾಯಿಸಿದ್ದರು. ಇನ್ನು ಪೊರೆ ಇರಬೇಕು, ಬಲಿತ ಮೇಲೆ ತೆಗೆಸಿದರಾಯಿತು ಎಂದು ಸುಮ್ಮನಿದ್ದರು. ಹೀಗೆ ಎಣಿಸಿದ್ದು ಅವರ ತಪ್ಪೂ ಅಲ್ಲ. ಡಾ. ಎಂ. ಸಿ. ಮೋದಿಯವರಂಥ ಮಹನೀಯರು ಊರೂರಿಗೆ ಹೋಗಿ ನೇತ್ರ ಶಿಬಿರಗಳನ್ನು ನಡೆಸಿದ ನಾಡು ನಮ್ಮದು. ಪೊರೆ ತೆಗೆದರೆ ಹೋದ ದೃಷ್ಟಿ ಮರಳಿ ಬರುವುದೆಂಬ ಭರವಸೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಆದರೆ ಭಾವನವರಿಗೆ 12 ವರ್ಷಗಳಿಂದ ಸಕ್ಕರೆ ರೋಗವಿತ್ತು. ಈ 12 ವರ್ಷಗಳಲ್ಲಿ ಒಮ್ಮೆಯೂ ಕಣ್ಣಿನ ಒಳಪರದೆಯನ್ನು ಯಾರೂ ನೋಡಿರಲಿಲ್ಲ.

ಗುಟ್ಟು ಕುರುಗೋಡಿನಲ್ಲಿ ಬಯಲಾಯಿತು. ಅಲ್ಲಿಗೆ ಕೊಟ್ಟಿರುವ ಮಗಳ ಮನೆಗೆ ಹೋಗಿದ್ದಾಗ ಎಲ್ಲರೂ ದೊಡ್ಡಬಸವೇಶ್ವರನ ದರ್ಶನಕ್ಕೆ ಹೋದರಂತೆ. ಏಕಶಿಲೆಯ ಆ ಬೃಹತ್ ಬಸವಣ್ಣನ ಮುಂದೆ ನಿಂತು ಭಾವನವರು ಕೈಮುಗಿದು, “ಕಿವಿ ಕಾಣುತ್ತದೆ, ಬೆನ್ನು ಕಾಣುತ್ತದೆ, ಮುಖ ಮಾತ್ರ ಕಾಣದಲ್ಲಾ ತಂದೆ!” ಎಂದುಬಿಟ್ಟರು. ಪಕ್ಕದಲ್ಲಿದ್ದ ಅಕ್ಕ ಅದನ್ನು ಕೇಳಿಸಿಕೊಂಡಳು. ಮರುದಿನವೇ ಎಲ್ಲರೂ ಬಳ್ಳಾರಿಗೆ ಬಂದು ನಮ್ಮ ಮನೆಯ ಬಾಗಿಲು ತಟ್ಟಿದರು.

ನೇತ್ರವೈದ್ಯರು ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾಗುವವರೆಗೆ ಕೂರಿಸಿ, ಒಳಗೆ ನೋಡಿದರು. ಬಳಿಕ ಒಸಿಟಿ ಎಂಬ ಯಂತ್ರದ ಮುಂದೆ ಗದ್ದವೂರಿಸಿ ಪರದೆಯ ಚಿತ್ರ ತೆಗೆದರು. ನೋವಿಲ್ಲ, ಸೂಜಿಯಿಲ್ಲ, ಬರಿಯ ಬೆಳಕು. ಅಕ್ಷಿಪಟಲದ ನಟ್ಟನಡುವೆ ಮ್ಯಾಕ್ಯುಲ ಎಂಬ ಸಣ್ಣ ಜಾಗವಿದೆ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವವರ ಮುಖ ಗುರುತಿಸುವುದು ಎಲ್ಲವೂ ಅದರ ಕೆಲಸ. ಆರೋಗ್ಯವಂತರಲ್ಲಿ ಅದರ ನಡುಭಾಗದ ದಪ್ಪ ಸುಮಾರು ಕಾಲು ಮಿಲಿಮೀಟರು. ಭಾವನವರದು ಅದರ ಎರಡರಷ್ಟಕ್ಕೆ ಸಮೀಪಿಸಿತ್ತು. ಪರದೆ ನೀರು ತುಂಬಿ ಬಾತುಕೊಂಡಿತ್ತು. ಬಾತ ಪರದೆಯ ಮೇಲೆ ಬಿದ್ದ ನೆಟ್ಟನೆಯ ಗೆರೆ ಸೊಟ್ಟಗೆ ಕಾಣುವುದು ಸಹಜವೇ. ಬಾಗಿದ್ದು ಬಾಗಿಲಲ್ಲ!

ಈ ಬಾವು ಹೇಗೆ ಬರುತ್ತದೆಂಬುದನ್ನು ವೈದ್ಯರು ವಿವರಿಸಿದಾಗ ಭಾವನವರೇ ಅದಕ್ಕೊಂದು ಹೋಲಿಕೆ ಕೊಟ್ಟರು. ತುಂಗಭದ್ರಾ ಕಾಲುವೆಯ ಸೀಮೆಯ ರೈತರಿಗೆ ಸವುಳು-ಜವುಳು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ನೀರು ಮಿತಿ ಮೀರಿ ಹರಿದರೆ, ಏರಿ ಜಿನುಗಿದರೆ, ಒಳ್ಳೆಯ ಗದ್ದೆ ಜೌಗು ಹಿಡಿಯುತ್ತದೆ. ಕಣ್ಣಿನಲ್ಲಿಯೂ ಅಷ್ಟೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ಕೆಲವು ನಾಳಗಳು ಮುಚ್ಚಿಹೋಗುತ್ತವೆ. ಆಗ ಉಸಿರು ಸಾಲದ ಪರದೆಯು ‘ವಿಇಜಿಎಫ್’ ಎಂಬ ದ್ರವ್ಯವನ್ನು ಹೊರಡಿಸುತ್ತದೆ. ಅದು ಉಳಿದ ನಾಳಗಳನ್ನೂ ಜಿನುಗುವಂತೆ ಮಾಡುತ್ತದೆ. ರಕ್ತದೊತ್ತಡವೂ ಏರಿದ್ದರೆ ತುಂಬಿದ ಕಾಲುವೆಗೆ ಇನ್ನಷ್ಟು ನೀರು ಬಿಟ್ಟಂತೆ. ಭಾವನವರ ರಕ್ತದೊತ್ತಡ ಅಂದು 160ಕ್ಕೆ 100 ಇತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.8 ಬಂದಿತ್ತು. ಬಹುಮಂದಿಗೆ ಇದು 7ರ ಆಸುಪಾಸಿನಲ್ಲಿರಬೇಕೆಂಬುದು ವೈದ್ಯರ ಮತ.

ಇದು ಒಬ್ಬ ಗುಮಾಸ್ತರ ಕಥೆಯಷ್ಟೇ ಅಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸಕ್ಕರೆ ರೋಗವುಳ್ಳವರು ಸುಮಾರು 10 ಕೋಟಿ. 40 ವರ್ಷ ದಾಟಿದ ಮಧುಮೇಹಿಗಳಲ್ಲಿ ಎಂಟು ಜನರಲ್ಲಿ ಒಬ್ಬರಿಗೆ ಅಕ್ಷಿಪಟಲದ ತೊಂದರೆ ಇದೆಯೆಂದು 2022ರ ಇನ್ನೊಂದು ಸಮೀಕ್ಷೆ ಹೇಳಿತು. ಆರಂಭದಲ್ಲಿ ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಆದುದರಿಂದಲೇ ಜನ ಮೋಸಹೋಗುತ್ತಾರೆ.

ಚಿಕಿತ್ಸೆಯ ವಿಷಯಕ್ಕೆ ಬರೋಣ. ಬಹುಕಾಲ ಇದಕ್ಕೆ ಲೇಸರ್ ಕಿರಣವೊಂದೇ ಗತಿಯಾಗಿತ್ತು. ಅದು ದೃಷ್ಟಿ ಇನ್ನಷ್ಟು ಕೆಡುವ ಸಂಭವವನ್ನು ಸುಮಾರು ಅರ್ಧಕ್ಕೆ ಇಳಿಸುವುದೆಂದು 1985ರಲ್ಲಿ ಅಮೆರಿಕದ ದೊಡ್ಡ ಪರೀಕ್ಷೆಯೊಂದರಿಂದ ಸಿದ್ಧವಾಯಿತು. ಹೋದ ದೃಷ್ಟಿಯನ್ನು ತಂದುಕೊಡುವುದು ಮಾತ್ರ ಅದರಿಂದ ಅಪರೂಪ. ಈಗ ಆ ಜಿನುಗಿಸುವ ದ್ರವ್ಯವನ್ನೇ ತಡೆಯುವ ಔಷಧಿಯನ್ನು ಕಣ್ಣಿನೊಳಕ್ಕೆ ಚುಚ್ಚುತ್ತಾರೆ. ಬೆವಾಸಿಜುಮಾಬ್, ರಾನಿಬಿಜುಮಾಬ್, ಅಫ್ಲಿಬರ್ಸೆಪ್ಟ್ ಎಂಬ ಮೂರು ಔಷಧಿಗಳ ಹೆಸರು ಹೆಚ್ಚಾಗಿ ಕೇಳಿಬರುತ್ತದೆ. ಬೆಲೆಯಲ್ಲಿ ಅಜಗಜಾಂತರ. ಇವನ್ನು ಹೋಲಿಸಿದ 2015ರ ಅಮೆರಿಕದ ಪರೀಕ್ಷೆಯಲ್ಲಿ, ದೃಷ್ಟಿ ಸ್ವಲ್ಪವೇ ಕುಂದಿದವರಿಗೆ ಮೂರೂ ಹೆಚ್ಚುಕಡಮೆ ಒಂದೇ ಫಲ ಕೊಟ್ಟವು. ಹೆಚ್ಚು ಕುಂದಿದವರಿಗೆ ಮೊದಲ ವರ್ಷದಲ್ಲಿ ಅಫ್ಲಿಬರ್ಸೆಪ್ಟ್ ಮೇಲೆನಿಸಿತು. ಆದುದರಿಂದ, “ನಮ್ಮ ಕೈಗೆ ಎಟುಕುವುದು ಯಾವುದು, ನಮ್ಮ ಕಣ್ಣಿಗೆ ಸಾಕಾಗುವುದು ಯಾವುದು?” ಎಂದು ವೈದ್ಯರನ್ನು ಕೇಳಲು ನಾಚಬೇಕಾಗಿಲ್ಲ. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾಗಿ ಬಹುಕಾಲ ‘ವಿಮ್ಸ್’ ಎಂದೇ ಹೆಸರಾಗಿದ್ದ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಹಣದ ಅಡಚಣೆಯುಳ್ಳವರು ಮೊದಲು ಅಲ್ಲಿ ವಿಚಾರಿಸುವುದು ಜಾಣತನ.

ಕಣ್ಣಿಗೆ ಸೂಜಿ ಎಂದೊಡನೆ ಭಾವನವರು ಎದ್ದು ನಿಂತರು. ನಿಜವಾಗಿ ನಡೆದದ್ದು ಇಷ್ಟು: ಮರಗಟ್ಟಿಸುವ ಹನಿ, ಸೋಂಕು ತಗಲದಂತೆ ತೊಳೆಯುವುದು, ಬಿಳಿಗುಡ್ಡೆಯ ಬದಿಯಲ್ಲಿ ಕ್ಷಣಮಾತ್ರದ ಚುಚ್ಚು. ಸಂಜೆಯ ಬಸ್ಸಿಗೆ ಅವರು ಊರಿಗೆ ಮರಳಿದರು. ಕಷ್ಟವಿರುವುದು ಚುಚ್ಚುವುದರಲ್ಲಲ್ಲ, ಮತ್ತೆ ಮತ್ತೆ ಬರುವುದರಲ್ಲಿ. ಆರಂಭದಲ್ಲಿ ತಿಂಗಳಿಗೊಂದರಂತೆ, ಮೊದಲ ವರ್ಷದಲ್ಲಿ ಹಲವು ಸಲ ಬೇಕಾಗಬಹುದು. ಎರಡನೆಯದಾದ ಮೇಲೆ “ಈಗ ಕಾಣುತ್ತದೆ, ಇನ್ನೇಕೆ?” ಎಂದು ನಿಲ್ಲಿಸಿದವರು ಅನೇಕರು, ನಿಂತ ನೀರು ಮತ್ತೆ ಜಿನುಗುತ್ತದೆ. ಇನ್ನೊಂದು ಎಚ್ಚರಿಕೆ: ಚುಚ್ಚಿದ ಕೆಲವು ದಿನಗಳಲ್ಲಿ ಕಣ್ಣು ಕೆಂಪಾಗಿ, ನೋವು ಏರಿ, ದೃಷ್ಟಿ ಇಳಿದರೆ, ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಅಪರೂಪದ್ದಾದರೂ ಒಳಗಿನ ಸೋಂಕು ಕಣ್ಣನ್ನೇ ಕಳೆಯಬಲ್ಲದು.

ಸೂಜಿ ಗದ್ದೆಯ ನೀರನ್ನು ಬಸಿಯಿತು. ಕಾಲುವೆಯನ್ನು ಹತೋಟಿಗೆ ತರುವುದು ಅಕ್ಕನ ಅಡಿಗೆಮನೆಯ ಪಾಲಿಗೆ ಬಂತು. ಬಿಗಿಯಾದ ಸಕ್ಕರೆ ಹತೋಟಿಯಿಂದ ಕಣ್ಣಿನ ರೋಗ ತಗ್ಗುವುದೆಂಬುದು 1993ರಲ್ಲಿ ಅಮೆರಿಕದಲ್ಲಿಯೂ 1998ರಲ್ಲಿ ಇಂಗ್ಲೆಂಡಿನಲ್ಲಿಯೂ ಪ್ರಕಟವಾದ ದೀರ್ಘ ಪರೀಕ್ಷೆಗಳಿಂದ ನಿಸ್ಸಂದೇಹವಾಗಿದೆ. ಅಕ್ಕ ಮೊದಲು ಹಿಡಿದದ್ದು ಚಹದ ಲೆಕ್ಕ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚೆ. ಹತ್ತು ಚಮಚೆಯೆಂದರೆ 40 ಗ್ರಾಂ ಮೇಲ್ಪಟ್ಟು ಸಕ್ಕರೆ. “ನಾನು ಸಿಹಿ ಮುಟ್ಟುವುದೇ ಇಲ್ಲ” ಎನ್ನುತ್ತಿದ್ದವರು ತಿಂಗಳಿಗೆ ಒಂದೂಕಾಲು ಕಿಲೋ ಕುಡಿಯುತ್ತಿದ್ದರು! ಬೆಲ್ಲ ಹಾಕಿದರೆ ದೋಷವಿಲ್ಲವೆಂಬುದೂ ಭ್ರಮೆಯೇ.

ಎರಡನೆಯದು ಅನ್ನ. ತುಂಗಭದ್ರೆಯ ನೀರು ಹರಿದ ಮೇಲೆ ಸಿರುಗುಪ್ಪ ಭತ್ತದ ಸೀಮೆಯಾಯಿತು. ಜೋಳದ ರೊಟ್ಟಿಯ ಜಾಗದಲ್ಲಿ ಅನ್ನದ ರಾಶಿ ಬಂತು. ಈಗ ಅಕ್ಕ ಮಧ್ಯಾಹ್ನಕ್ಕೆ ಎರಡು ಜೋಳದ ರೊಟ್ಟಿ, ತಟ್ಟೆಯ ಅರ್ಧದಷ್ಟು ಪಲ್ಯ, ಕಾಳು, ಕೊನೆಗೆ ಹಿಡಿಯಷ್ಟು ಮಜ್ಜಿಗೆ ಅನ್ನ ಬಡಿಸುತ್ತಾಳೆ. ಜೋಳದಲ್ಲಿ ನಾರು ಹೆಚ್ಚು ನಿಜ. ಆದರೆ ಅದೂ ಪಿಷ್ಟವೇ. ರೊಟ್ಟಿಯೆಂದು ಐದು ತಿಂದರೆ ಅನ್ನ ಬಿಟ್ಟ ಪುಣ್ಯ ಅಲ್ಲಿಗೇ ಮುಗಿಯಿತು. ನಮ್ಮ ಬಳ್ಳಾರಿ ಸೀಮೆಯ ಅಚ್ಚುಮೆಚ್ಚಿನ ಮಂಡಕ್ಕಿ ವಗ್ಗರಣೆಗೂ ಮಿತಿ ಬಂತು. ಕೈಗೆ ಹಗುರವಾದರೂ ಅದು ಅರಳಿದ ಅಕ್ಕಿಯೇ, ರಕ್ತಕ್ಕೆ ಬೇಗ ಸಕ್ಕರೆ ಸುರಿಯುತ್ತದೆ. ಭಾವನವರು ವಾರಕ್ಕೊಮ್ಮೆ ಒಂದು ಬೊಗಸೆ, ಶೇಂಗಾ ಬೆರೆಸಿ ತಿನ್ನುತ್ತಾರೆ. ಮಿರ್ಚಿಗಾಗಿ ಮಾತ್ರ ಇನ್ನೂ ರಾಜಿಯ ಮಾತುಕತೆ ನಡೆದಿದೆ.

ಮೂರನೆಯದು ನಡಿಗೆ. ಬಳ್ಳಾರಿಯ ಬಿಸಿಲಿಗೆ ಹೊತ್ತೇರಿದ ಮೇಲೆ ನಡೆಯುವುದು ಆಗದ ಮಾತು. ಊಟವಾದ ಮೇಲೆ ಪಡಸಾಲೆಯಲ್ಲಿಯೇ ಹತ್ತು ಹದಿನೈದು ನಿಮಿಷ ಅಡ್ಡಾಡಿದರೂ ಏರುವ ಸಕ್ಕರೆ ತಗ್ಗುತ್ತದೆ. ಇನ್‌ಸುಲಿನ್ ಚುಚ್ಚಿಕೊಳ್ಳುವವರು ಬೇಸಿಗೆಯಲ್ಲಿ ಅದನ್ನು ಕಿಟಕಿಯ ಬಳಿ ಇಡಬಾರದು. ಶೀತಪೆಟ್ಟಿಗೆಯಿಲ್ಲದ ಮನೆಯಲ್ಲಿ ನೀರು ತುಂಬಿದ ಮಣ್ಣಿನ ಗಡಿಗೆಯೊಳಗೆ, ನೀರು ತಗಲದಂತೆ ಡಬ್ಬಿಯಲ್ಲಿಡುವುದು ಪ್ರಯೋಜನಕಾರಿ.

ಅತಿಯೂ ಸಲ್ಲದು. ಬೇಗ ಗುಣವಾಗಬೇಕೆಂದು ಭಾವನವರು ಎರಡು ದಿನ ರಾತ್ರಿಯೂಟ ಬಿಟ್ಟು ಗುಳಿಗೆ ಮಾತ್ರ ನುಂಗಿದರು. ಎರಡನೆಯ ರಾತ್ರಿ ಮೈ ಬೆವತು, ಕೈ ನಡುಗಿ, ಮಾತು ತೊದಲಿತು. ಸಕ್ಕರೆ 70ಕ್ಕಿಂತ ಕೆಳಗೆ ಇಳಿದಿತ್ತು. ಮೂರು ಚಮಚೆ ಸಕ್ಕರೆಯ ನೀರು ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸುವುದನ್ನು ಅಕ್ಕ ಅಂದಿನಿಂದ ಕಲಿತಿದ್ದಾಳೆ. ಬಹುಕಾಲ ಏರಿದ್ದ ಸಕ್ಕರೆಯನ್ನು ಒಮ್ಮೆಲೆ ಇಳಿಸಿದರೆ ಕಣ್ಣಿನ ಸ್ಥಿತಿ ಕೆಲಕಾಲ ಕೆಡುವುದೂ ಉಂಟು. ಪಯೊಗ್ಲಿಟಜೋನ್ ಎಂಬ ಸಕ್ಕರೆಯ ಗುಳಿಗೆ ಕೆಲವರಲ್ಲಿ ಈ ಬಾವನ್ನು ಹೆಚ್ಚಿಸಬಲ್ಲದು. ಆದುದರಿಂದ ಕಣ್ಣಿನ ವೈದ್ಯರಿಗೆ ಗುಳಿಗೆಗಳ ಚೀಟಿಯನ್ನೂ, ಸಕ್ಕರೆಯ ವೈದ್ಯರಿಗೆ ಕಣ್ಣಿನ ವರದಿಯನ್ನೂ ತೋರಿಸಬೇಕು. ತಾವಾಗಿಯೇ ಯಾವ ಗುಳಿಗೆಯನ್ನೂ ನಿಲ್ಲಿಸಬಾರದು. ಹಾಗಲ, ಮೆಂತೆ ಪಲ್ಯಕ್ಕೆ ಸೊಗಸು. ಔಷಧಿಯ ಬದಲಿಗೆ ಅಲ್ಲ.

ಆರು ತಿಂಗಳಾಗಿವೆ. ಸರಾಸರಿ 7.4ಕ್ಕೆ ಇಳಿದಿದೆ, ರಕ್ತದೊತ್ತಡ ಹತೋಟಿಯಲ್ಲಿದೆ. ಬಲಗಣ್ಣು ಬಹುಮಟ್ಟಿಗೆ ತಿಳಿಯಾಯಿತು. ಎಡಗಣ್ಣಿನ ನಡುವೆ ಮಸುಕು ಉಳಿದೇ ಇದೆ. ಎಂಟು ತಿಂಗಳ ಮೌನಕ್ಕೆ ತೆತ್ತ ಬೆಲೆ ಅದು. ಭಾವನವರು ಗಿರಣಿಗೆ ಮರಳಿದ್ದಾರೆ. ಅವರು ಬರೆದ ಪುಟವನ್ನು ಒಬ್ಬ ಹುಡುಗ ಇನ್ನೊಮ್ಮೆ ನೋಡುತ್ತಾನೆ. ಮೊದಲು ಅದು ಅವಮಾನವೆನಿಸಿತಂತೆ. ಈಗ ಆ ಹುಡುಗನಿಗೆ ಲೆಕ್ಕ ಕಲಿಸುವ ಹುಮ್ಮಸ್ಸು. “ನನಗೊಂದು ಮಾತು ಹೇಳಬಾರದಿತ್ತೇನ್ರೀ? ನಾನೇನು ಪರಕೀಯಳೇ?” ಎಂದು ಅಕ್ಕ ಈಗಲೂ ಆಗಾಗ ಕೇಳುತ್ತಾಳೆ. ಅದಕ್ಕೆ ಅವರಲ್ಲಿ ಉತ್ತರವಿಲ್ಲ.

ವಾಚಕ ಮಹಾಶಯರೇ, ನಿಮ್ಮ ಮನೆಯಲ್ಲಿ ಸಕ್ಕರೆ ರೋಗವುಳ್ಳ ಹಿರಿಯರಿದ್ದರೆ ಇಂದು ಸಂಜೆ ಈ ಸಣ್ಣ ಕೆಲಸ ಮಾಡಿರಿ. ಕನ್ನಡಕ ಹಾಕಿಸಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಬಾಗಿಲ ಚೌಕಟ್ಟನ್ನೋ ಕಿಟಕಿಯ ಸರಳುಗಳನ್ನೋ ನೋಡಹೇಳಿರಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯದು ಕೆಟ್ಟದ್ದರ ದೋಷವನ್ನು ಮುಚ್ಚಿಬಿಡುತ್ತದೆ. ಗೆರೆ ಬಾಗಿದರೆ, ನಡುವೆ ಮಸುಕಾದರೆ, ಆ ವಾರವೇ ನೇತ್ರವೈದ್ಯರಲ್ಲಿಗೆ ಹೋಗಿರಿ. ಬಾಗದಿದ್ದರೂ ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ಒಳಪರದೆಯನ್ನು ತೋರಿಸುವುದು ತಪ್ಪಬಾರದು. ವಯಸ್ಕರಲ್ಲಿ ಬರುವ ಸಕ್ಕರೆ ರೋಗಕ್ಕೆ ಈ ಪರೀಕ್ಷೆ ರೋಗ ತಿಳಿದ ದಿನದಿಂದಲೇ ಆರಂಭವಾಗಬೇಕು. ಅಂದ ಹಾಗೆ, ಬಡಗಿಯ ಕೂಲಿಯನ್ನು ಭಾವನವರು ಮೊನ್ನೆ ತಾವೇ ಹೋಗಿ ಕೊಟ್ಟುಬಂದರು. ರೋಗವನ್ನು ಮೊದಲು ಕಂಡುಹಿಡಿದವನು ಅವನೇ ಅಲ್ಲವೇ!